ಸುಂಕು ಅಂದುಕೊಂಡದ್ದು

ಹಾರನಹಳ್ಳಿಯ ಸಣ್ಣತಾಯಮ್ಮ ಪಕ್ಕದ ಮನೆ ಹುಚ್ಚಮ್ಮನಿಗೆ ಇನ್ನೂ ಒಂದು ಮುಯ್ಯಾಳು ಕೊಡಬೇಕು. ಮುಯ್ಯಾಳಿಗೆ ಕಾಸು ನಡೆಯುವುದಿಲ್ಲ. ನೀನು ನನ್ನ ಹೊಲದಲ್ಲಿ ಒಂದು ದಿನ ಬಗ್ಗಿದರೆ ನಾನು ನಿನ್ನ ಹೊಲದಲ್ಲಿ ಒಂದು ದಿನ ಬಗ್ಗಬೇಕು, ಅಷ್ಟೆ. ರಾಗಿ ಕುಯ್ಯಲು ಹುಚ್ಚಮ್ಮ ಎರಡು ದಿನ ಬಂದಿದ್ದಳು. ಸಣ್ಣತಾಯಮ್ಮ ತೀರಿಸಿದ್ದು ಒಂದೇ ದಿನ.

ಕ್ಯಾನ್ಸರ್ ಅಂತ ಅವಳು ಎಡಗಡೆ ಮೊಲೆ ತೆಗೆಸಿಕೊಂಡು ಬಂದು ಮೂರು ವರ್ಷವಾಗಿತ್ತು. ಆವಾಗಿನಿಂದ ಕೇರಿಯವರು ಅವಳನ್ನು ಮುಯ್ಯಿಗೆ ಕರೆಯೋದನ್ನೇ ಬಿಟ್ಟಿದ್ದರು. ಪಾಪ, ಅನ್ನುತ್ತಿದ್ದರು. ಆ ಮಾತು ಕೇಳಿದರೆ ಅವಳಿಗೆ ಮೈಯೆಲ್ಲ ಉರಿ. ಜಮೀನಿನ ಹಕ್ಕುಪತ್ರಕ್ಕೆ ಅರಸೀಕೆರೆ ತಾಲ್ಲೂಕು ಕಚೇರಿ ಮುಂದೆ ಕೂತು, ಪೊಲೀಸರು ಎಳೆದರೂ ಏಳದಿದ್ದ ಹೆಂಗಸು ಅವಳು. ಹುಚ್ಚಮ್ಮ ಒಬ್ಬಳು ಮಾತ್ರ ಪಾಪ ಅನ್ನಲಿಲ್ಲ. "ಮೊಲೆ ಒಂದು ಹೋದ್ರೆ ಏನಮ್ಮಿ, ಕಂತೆ ಎತ್ತೋದು ಕೈಯಲ್ಲಿ ತಾನೆ?" ಅಂದು ರಾಗಿ ಒಕ್ಕಣೆಗೆ ಕರೆದಳು.

ಒಕ್ಕಣೆ ಮಿಷನ್ ಉಗುಳೋ ಧೂಳಿನಲ್ಲಿ ನಿಂತರೆ ಸುಂಕು ಹತ್ತುತ್ತದೆ. ಕಣ್ಣಿಗೆ ಕಾಣದ ಹೊಟ್ಟು ಬೆವರಿಗಂಟಿ ಕತ್ತು, ಕಂಕುಳು, ಎದೆಯೆಲ್ಲ ಕೆರೆತ. ಆ ಸಂಜೆ ಇಬ್ಬರೂ ಅವರವರ ಬಚ್ಚಲಲ್ಲಿ ಬಿಸಿನೀರು ಹುಯ್ದುಕೊಂಡು ಕೊಬ್ಬರಿ ಎಣ್ಣೆ ಬಳಿದುಕೊಂಡರು. ಕೆರೆತ ಹೋಯಿತು. ಆದರೆ ಸಣ್ಣತಾಯಮ್ಮನ ಎದೆಯ ಗಾಯದ ಗೆರೆ ಉದ್ದಕ್ಕೂ ರಾಗಿ ಕಾಳಿನಂಥ ಕೆಂಪು ಗುಳ್ಳೆಗಳಿದ್ದವು. ಒತ್ತಿದರೆ ಗಟ್ಟಿ, ನೋವಿಲ್ಲ. ಗಾಯದ ಚರ್ಮ ತೆಳು, ಸುಂಕು ಒಳಕ್ಕಿಳಿದಿರಬೇಕು ಅಂದುಕೊಂಡಳು.

ಹಾಗಂತ ಅವಳು ಅಸಡ್ಡೆ ಮಾಡಿದವಳಲ್ಲ. ಆಸ್ಪತ್ರೆಯಿಂದ ಕಳಿಸುವಾಗ "ಗಂಟು ನೋಡ್ಕೋತಿರಮ್ಮ" ಅಂದಿದ್ದರು. ನೀರು ಹುಯ್ದುಕೊಳ್ಳುವಾಗೆಲ್ಲ ಬಲಗಡೆ ಮೊಲೆಯನ್ನು ಒತ್ತಿ ಒತ್ತಿ ನೋಡುತ್ತಿದ್ದಳು. ಗಂಟಿರಲಿಲ್ಲ. ಎಡಗಡೆ ನೋಡುವುದೇನಿದೆ, ಕೊಯ್ದು ಬಿಸಾಕಿ ಆಗಿದೆಯಲ್ಲ! ಮುಂದಿನ ತಪಾಸಣೆ ಯುಗಾದಿ ಹೊತ್ತಿಗಿತ್ತು.

ಸಂಕ್ರಾಂತಿ ಕಳೆದ ಮೇಲೆ ಹುಚ್ಚಮ್ಮ ಹುರುಳಿ ಕೀಳಲು ಕರೆಯೋಕೆ ಬಂದಳು. ಸಣ್ಣತಾಯಮ್ಮ ಬಚ್ಚಲ ಬಾಗಿಲಲ್ಲಿ ಕೂತು ಎಡಗೈ ಬಳೆಗೆ ಸೋಪು ಹಚ್ಚಿ ಎಳೆಯುತ್ತಿದ್ದಳು. ಕೈ ಊದಿಕೊಂಡಿತ್ತು. ಸೆರಗು ಜಾರಿ ಗುಳ್ಳೆಗಳು ಕಂಡವು.

"ಇದೇನಮ್ಮಿ?"

"ನಿನ್ನ ಕಣದ ಸುಂಕು. ದುಡಿಸ್ಕಂಡಿದ್ದೂ ಅಲ್ದೆ ಲೆಕ್ಕ ಬೇರೆ ಕೇಳ್ತೀಯಾ?"

"ಸುಂಕು ತಿಂಗಳುಗಟ್ಲೆ ಇರ್ತದೇನೆ? ನಂಗೂ ಹತ್ತಿತ್ತು, ಮಾರನೇ ದಿನಕ್ಕೆ ಇಲ್ಲ. ನಿಂದ್ಯಾಕೆ ಹೆಚ್ಚಾಗೈತೆ? ಕೈ ಬೇರೆ ಊದೈತೆ."

"ಹೊರೆ ಹೊತ್ತಿದ್ದು ಜಾಸ್ತಿ ಆಗಿರ್ಬೇಕು. ಅಲ್ಲ ಕಣೆ, ಇಲ್ಲಿ ಮೊಲೇನೇ ಇಲ್ವಲ್ಲ. ಆ ಕಾಯ್ಲೆ ಬತ್ತೀನಿ ಅಂದ್ರೂ ಎಲ್ಲಿಗೆ ಬತ್ತದೆ?"

ಹುಚ್ಚಮ್ಮ ಬಗ್ಗಿ ಗುಳ್ಳೆಗಳನ್ನು ಹತ್ತಿರದಿಂದ ನೋಡಿದಳು. "ಉಗ್ರಣ್ಣ ನೋಡವ್ನಾ?" ಅಂದಳು.

"ನನ್ನ ಗಂಡ ತಾನೆ? ಕೊಯ್ಸಿದಾಗಿಂದ ಈ ಕಡೆ ತಿರುಗಿ ನೋಡಿಲ್ಲ. ಹೆದ್ರುಕಂತಾನೆ." ಸಣ್ಣತಾಯಮ್ಮ ಸೆರಗು ಎಳೆದುಕೊಂಡಳು. ಆಮೇಲೆ ದನಿ ಇಳಿಯಿತು. "ನಂಗೂ ಹೆದ್ರಿಕೆ ಕಣಮ್ಮಿ. ಆ ವಾಂತಿ, ಆ ಬೋಳುತಲೆ. ಸುಂಕು ಸುಂಕು ಅಂತಿದ್ರೆ ಸುಂಕೇ ಆಗೋಯ್ತದೇನೋ ಅಂತ."

"ಏಳು, ಬೇರೆ ಸೀರೆ ಉಟ್ಕ. ಹುರುಳಿ ಹಾಳಾಗೋಗ್ಲಿ."

ಹಾಸನದ ಅದೇ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಒಂದು ಗುಳ್ಳೆಯ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಕ್ಯಾನ್ಸರ್ ವಾಪಸ್ ಬಂದಿತ್ತು.

"ಮೊಲೆ ತೆಗೆದ್ರೂ ಆ ಜಾಗದ ಚರ್ಮದಲ್ಲಿ, ಕಂಕುಳಲ್ಲಿ ಮತ್ತೆ ಬರಬಹುದಮ್ಮ. ವಾಸಿಯಾಗದ ಗುಳ್ಳೆ, ಕೈ ಊತ, ಬಿಡದೆ ಕಾಡೋ ಬೆನ್ನುನೋವು, ಕೆಮ್ಮು, ಏದುಸಿರು, ಏನೇ ಹೊಸದಾದ್ರೂ ತಪಾಸಣೆ ದಿನಕ್ಕೆ ಕಾಯಬಾರದು. ಯಾಕಿಷ್ಟು ತಡ ಮಾಡಿದ್ರಿ?"

"ಗಂಟು ನೋಡ್ಕೊ ಅಂದ್ರಿ, ನೋಡ್ಕಂಡೆ. ಖಾಲಿ ಕಡೇನೂ ನೋಡ್ಕೊ ಅಂತ ಯಾರಾದ್ರೂ ಹೇಳಿದ್ರಾ?"

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಹೇಳಬೇಕಿತ್ತು" ಅಂದರು.

ಸ್ಕ್ಯಾನಿನಲ್ಲಿ ಬೇರೆ ಕಡೆ ಹಬ್ಬಿದ್ದು ಕಾಣಲಿಲ್ಲ. ಚಿಕಿತ್ಸೆ ಶುರುವಾಗಿದೆ, ಕೂದಲು ಮತ್ತೆ ಉದುರಿದೆ. ಗೆಲ್ಲುತ್ತಾಳೆ ಅಂತ ಯಾರೂ ಮಾತು ಕೊಟ್ಟಿಲ್ಲ. ಗಂಡ ಉಗ್ರಪ್ಪ ಈಗ ಅವಳನ್ನು ಬೆಳಕಿಗೆ ಕೂರಿಸಿ ಆ ಗೆರೆ ನೋಡುತ್ತಾನೆ. ಮೊದಲ ಸಲ ತುದಿಬೆರಳಲ್ಲಿ ಮುಟ್ಟಿದಾಗ "ಏನಯ್ಯ, ಹಾವು ಮುಟ್ದಂಗೆ ಆಡ್ತೀಯ, ಸರಿಯಾಗಿ ನೋಡು" ಅಂತ ಬೈಸಿಕೊಂಡ.

ಇದನ್ನು ಓದುತ್ತಿರೋ ನೀವು, ನಿಮ್ಮ ಮನೆಯಲ್ಲೂ ಮೊಲೆ ಕೊಯ್ಸಿಕೊಂಡವಳು ಇರಬಹುದು. ಹೆಂಡತಿಯೋ, ಅಕ್ಕನೋ, ಅತ್ತೆಯೋ. ವಾಸಿಯಾಯಿತು ಅಂತ ನೀವು ಅದನ್ನು ಮರೆತೇ ಕೂತಿದ್ದೀರಿ. ನಿಮ್ಮ ನಾಚಿಕೆ, ಹೇಸಿಗೆ ಎಲ್ಲ ಪಕ್ಕಕ್ಕಿಡಿ. ಇವತ್ತೇ ಅವಳನ್ನು ಕೇಳಿ: ಕೊಯ್ದ ಕಡೆ ನೋಡಿಕೊಂಡೆಯಾ, ಹೊಸದಾಗಿ ಏನಾದರೂ ಇದೆಯಾ? ಇದೆ ಅಂದರೆ ನಾಳೆ ಬೆಳಿಗ್ಗೆ ಆಸ್ಪತ್ರೆಯ ಬಸ್ಸು ಹತ್ತಿಸಿ. ನೀವೂ ಜೊತೆಗೆ ಹತ್ತಿ.