ಕಾರಿಗೆ ಮಡಿ

ಸೊರಬದ ಮಾಬ್ಲೇಶ್ವರ ಅರವತ್ತು ತುಂಬುವವರೆಗೆ ತಾನು ಕುಡಿದ ಲೋಟ ತೊಳೆದವನಲ್ಲ, ಉಂಡ ಎಲೆ ಎತ್ತಿದವನಲ್ಲ. ಸಹಕಾರ ಸಂಘವೊಂದರಲ್ಲಿ ಮೂವತ್ತೈದು ವರ್ಷ ಗುಮಾಸ್ತನಾಗಿ ಕುರ್ಚಿ ಸವೆಸಿ ನಿವೃತ್ತನಾದ. ಅಂಥವನು ಈಗ ಬೆಳಗಾಗೆದ್ದು ಪಂಚೆ ಎತ್ತಿ ಕಟ್ಟಿ, ಕಡುನೀಲಿ ಬಣ್ಣದ ಹೊಸ ಕಾರಿನ ಮೈ ತಿಕ್ಕುತ್ತಿದ್ದ. ಹೆಂಡತಿ ಸುಬ್ಬಲಕ್ಷ್ಮಿ ಅಡುಗೆಮನೆಯ ಕಿಟಕಿಯಿಂದ ಇದನ್ನು ನೋಡುತ್ತ ತನ್ನ ಬುತ್ತಿ ಕಟ್ಟಿಕೊಳ್ಳುತ್ತಿದ್ದಳು. ಮೂವತ್ತು ವರ್ಷದ ಸಂಸಾರದಲ್ಲಿ ಈ ಮನುಷ್ಯನ ಕೈ ಒದ್ದೆಯಾದದ್ದನ್ನು ಅವಳು ಊಟದ ಹೊತ್ತೊಂದನ್ನು ಬಿಟ್ಟರೆ ಕಂಡಿರಲಿಲ್ಲ.

ಸುಬ್ಬಲಕ್ಷ್ಮಿ ಉಳವಿಯ ಹೈಸ್ಕೂಲಿನಲ್ಲಿ ಗಣಿತದ ಟೀಚರು. ಇಪ್ಪತ್ತಾರು ವರ್ಷ ಬಸ್ಸಿನಲ್ಲೇ ಓಡಾಡಿದವಳು. ಒಂದು ಕೈಯಲ್ಲಿ ಉತ್ತರಪತ್ರಿಕೆಯ ಕಟ್ಟು, ಇನ್ನೊಂದು ಕೈಯಲ್ಲಿ ಮೇಲಿನ ಕಂಬಿ, ಕಾಲ ಮೇಲೆ ಯಾರದೋ ಚೀಲ. ಸೇವೆ ಇನ್ನೂ ನಾಲ್ಕು ವರ್ಷ ಇರುವಾಗ ಮಂಡಿ ಹಿಡಿದುಕೊಂಡಿತು. ಕಾರು ಕೊಂಡಿದ್ದೇ ಅದಕ್ಕೆ. ಅದು ರಿಜಿಸ್ಟರ್ ಆಗಿದ್ದೂ ಅವಳ ಹೆಸರಿಗೆ. ಐವತ್ತಾರರಲ್ಲಿ ಡ್ರೈವಿಂಗ್ ಕಲಿತು ಮೊದಲ ಸಲಕ್ಕೇ ಪಾಸಾದಳು. ಮಾಬ್ಲೇಶ್ವರನಿಗೆ ಮೂರು ಸಲ ಬೇಕಾಯಿತು. ಈ ಸಂಗತಿಯನ್ನು ಮನೆಯಲ್ಲಿ ಎತ್ತುವಂತಿರಲಿಲ್ಲ.

ಕಾರು ತೊಳೆಯುವ ವಿದ್ಯೆಯನ್ನು ಅವನು ಮೊಬೈಲಿನಲ್ಲಿ ನೋಡಿ ಕಲಿತ. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದ ಅನ್ನುವ ಗಾದೆ ಇಂಥವರನ್ನು ನೋಡಿಯೇ ಹುಟ್ಟಿದ್ದು. ವಾರಕ್ಕೊಂದು ಸಲ ಸಾಕು ಎಂದು ಮೊಬೈಲು ಹೇಳಿದರೆ ಇವನು ದಿನಕ್ಕೊಂದು ಸಲ ತೊಳೆದ. ಮೇಣವನ್ನು ನೆರಳಿನಲ್ಲಿ ಹಚ್ಚಿ ಎಂದರೆ, ಹಪ್ಪಳ ಒಣಗಿಸುವ ಬಿಸಿಲಿನಲ್ಲಿ ಹಚ್ಚಿ, ಅದು ಬಿಳಿಯ ಹೆಕ್ಕಳೆಯಾಗಿ ಕೂತ ಮೇಲೆ ಕಂಪನಿಯವರನ್ನು ಬೈದ. ಟೈರು ಹೊಳೆಯಲಿ ಎಂದು ಕೊಬ್ಬರಿ ಎಣ್ಣೆ ಸವರಿದ. ಸಂಜೆಯೊಳಗೆ ಬೀದಿಯ ಕೆಂಪು ಧೂಳೆಲ್ಲ ಟೈರಿಗೆ ಅಂಟಿತು. ಗುಡವಿಯ ಕೆರೆಗೆ ಹಕ್ಕಿ ನೋಡಲು ಹೋಗೋಣ ಎಂದು ಅವಳು ಒಮ್ಮೆ ಕೇಳಿದ್ದಕ್ಕೆ, ಹಕ್ಕಿಗಳು ಕಾರಿನ ಮೇಲೆ ಏನು ಮಾಡುತ್ತವೆ ಗೊತ್ತಾ ಎಂದು ಕೇಳಿ ಬಾಯಿ ಮುಚ್ಚಿಸಿದ.

ಮೈಗೆ ಒಂದು ಬಕೆಟ್ಟು ಬಟ್ಟೆ, ಚಕ್ರಕ್ಕೆ ಬೇರೆಯದೇ ಬಕೆಟ್ಟು ಬಟ್ಟೆ ಎಂಬ ಪಾಠ ಮಾತ್ರ ಅವನಿಗೆ ತುಂಬ ಹಿಡಿಸಿತು. ಇದು ನಮ್ಮ ಮಡಿ-ಮೈಲಿಗೆಯೇ ಅಲ್ಲವೇ, ನಮ್ಮ ಹಿರಿಯರಿಗೆ ಇದೆಲ್ಲ ಮೊದಲೇ ಗೊತ್ತಿತ್ತು ಎಂದು ಮನೆಗೆ ಬಂದವರಿಗೆಲ್ಲ ಭಾಷಣ ಮಾಡಿದ. ಚಕ್ರದ ಪಾಲಿಗೆ ಹಳೆ ಬನಿಯನ್ನು, ಮುರುಕು ಬಕೆಟ್ಟು. ಕಾರಿನ ಮೈಗೆ ತಾಮ್ರದ ಕೊಡದ ನೀರು, ಮೆತ್ತನೆಯ ಎರಡು ಬಟ್ಟೆ. ಆ ಎರಡು ಬಟ್ಟೆಗಳನ್ನು ಅಂಗಳದ ಎತ್ತರದ ಗಳದ ಮೇಲೆ, ಮಡಿಬಟ್ಟೆಯ ಹಾಗೆ ಕೋಲಿನಿಂದಲೇ ಹರವುತ್ತಿದ್ದ. ಹೆಂಡತಿ ಅವುಗಳನ್ನು ಮುಟ್ಟುವಂತಿಲ್ಲ. ಅವಳ ಸೀರೆ ಮಾತ್ರ ಕೆಳಗಿನ ತಂತಿಯ ಮೇಲೆ ಅವಳೇ ಒಣಗಿಸಿಕೊಳ್ಳಬೇಕು.

ಒಂದು ಬೆಳಿಗ್ಗೆ ಗಾಳಿಗೆ ಗಳದ ಮೇಲಿನ ಬಟ್ಟೆಗಳು ಅಂಗಳದ ಮಣ್ಣಿಗೆ ಬಿದ್ದವು. ಬೇರೆ ಬಟ್ಟೆ ಕೊಡುತ್ತೇನೆ, ಅದರಲ್ಲಿ ಮಣ್ಣು ಹೊಕ್ಕಿದೆ ಎಂದಳು ಸುಬ್ಬಲಕ್ಷ್ಮಿ. ಮಾಬ್ಲೇಶ್ವರ ನಕ್ಕ. ಬಟ್ಟೆಗಳನ್ನು ಕೊಡದ ನೀರಿನಲ್ಲಿ ಒಂದು ಸಲ ಅದ್ದಿ ಹಿಂಡಿದ. ಅದ್ದಿ ಹಿಂಡಿದರೆ ಮತ್ತೆ ಮಡಿ. ಅಪ್ಪನ ಕಾಲದಿಂದ ಅವನಿಗೆ ಗೊತ್ತಿದ್ದ ಶಾಸ್ತ್ರ ಅಷ್ಟೇ. ಆಮೇಲೆ ಅದೇ ಬಟ್ಟೆಯಿಂದ ಬಾನೆಟ್ಟು, ಬಾಗಿಲು, ನೆತ್ತಿ ಎಲ್ಲವನ್ನೂ ಕೈಯಾರೆ ಗರಗರ ಉಜ್ಜಿದ. ಆ ದಿನ ಮಾತ್ರವಲ್ಲ, ಬಟ್ಟೆ ಬಿದ್ದಾಗಲೆಲ್ಲ ಹೀಗೇ ನಡೆಯಿತು.

ತಿಂಗಳು ತುಂಬುವಷ್ಟರಲ್ಲಿ, ಎಳೆಬಿಸಿಲು ಬಿದ್ದ ಹೊತ್ತಿನಲ್ಲಿ ನೋಡಿದರೆ ಕಾರಿನ ಮೈ ತುಂಬ ಸಣ್ಣ ಸಣ್ಣ ಗೀರುಗಳು. ಮಾಬ್ಲೇಶ್ವರ ಎದೆ ಹಿಡಿದುಕೊಂಡು ಕಟ್ಟೆಯ ಮೇಲೆ ಕೂತ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇವನಿಗೆ ಡೊಂಕಾಗಿ ಕಂಡದ್ದು ಹೆಂಡತಿ. ಉಳವಿಯ ದಾರಿಯ ಬೇಲಿಗೆ ಅವಳೇ ಕಾರನ್ನು ಸವರಿಸಿಕೊಂಡು ಬಂದಿದ್ದಾಳೆ, ಶಾಲೆಯ ಹುಡುಗರು ಚೀಲ ಉಜ್ಜಿದರೂ ಕಣ್ಣು ಬಿಟ್ಟುಕೊಂಡು ನಿಂತಿದ್ದಾಳೆ ಎಂದು ತೀರ್ಪು ಕೊಟ್ಟ. ಬಟ್ಟೆಯ ಮಾತನ್ನು ಅವಳು ಎತ್ತಿದರೆ, ಮಡಿಬಟ್ಟೆಯಿಂದ ಗೀರು ಬೀಳುತ್ತದೆಯೇ ಎಂದು ಕೇಳಿದ. ಕೀಲಿಯನ್ನು ತೆಗೆದು ತನ್ನ ಜನಿವಾರಕ್ಕೆ ಕಟ್ಟಿಕೊಂಡ.

ಸುಬ್ಬಲಕ್ಷ್ಮಿ ಮತ್ತೆ ಬಸ್ಸು ಹತ್ತಿದಳು. ಎಂಟು ವಾರ ಹತ್ತಿದಳು. ಅವಳನ್ನು ಉರಿಸಿದ್ದು ಮಂಡಿನೋವಲ್ಲ. ಟೀಚರಮ್ಮ ಕಾರು ಗೀಚಿಹಾಕಿದಳಂತೆ ಎಂಬುದು ಕಿರಾಣಿ ಅಂಗಡಿಯವರೆಗೂ ಹೋಗಿತ್ತು. ನೆಂಟರು ಮರುಕದಿಂದ, ಈ ವಯಸ್ಸಿನಲ್ಲಿ ಯಾಕೆ ಬೇಕಿತ್ತು ಎಂದು ಕೇಳತೊಡಗಿದರು. ಎರಡು ಸಲ ಫೇಲಾದ ಗುಮಾಸ್ತನ ಬಾಯಿಂದ ಹೊರಟ ಸುಳ್ಳನ್ನು ಊರೆಲ್ಲ ನಂಬಿತಲ್ಲ ಎಂದು ಅವಳಿಗೆ ಗಂಡನ ಮೇಲೂ ಊರಿನ ಮೇಲೂ ಹೇಸಿಗೆಯಾಯಿತು.

ಕೊನೆಗೆ ಅವನೇ ಒಂದು ಭಾನುವಾರ ಅವಳನ್ನು ಶಿಕಾರಿಪುರಕ್ಕೆ ಹೊರಡಿಸಿದ. ಅಲ್ಲೊಬ್ಬ ಪಾಲಿಶ್ ಮಾಡಿ ಗೀರು ತೆಗೆಯುತ್ತಾನಂತೆ, ನೀನೂ ಬಾ, ನೀನು ಏನು ಮಾಡಿಟ್ಟಿದ್ದೀಯ ಅಂತ ತಿಳಿದವನ ಬಾಯಿಂದಲೇ ಕೇಳು ಎಂದ. ಅವಳು ಹೋಗಿ ಕಾರಿನಲ್ಲಿ ಕೂತಳು.

ವಾಟರ್ ಸರ್ವಿಸ್ ನಡೆಸುವವನ ಹೆಸರು ಚಿಕ್ಕಬೀರಪ್ಪ, ತಾಳಗುಂದದ ಕಡೆಯ ಕುರಿ ಸಾಕುವ ಮನೆಯವನು. ಉಣ್ಣೆ ಕತ್ತರಿಸುವ ಮುಂಚೆ ಕುರಿಗಳನ್ನು ಕೆರೆಗಿಳಿಸಿ ತೊಳೆಯುವ ಮನೆತನ. ಉಣ್ಣೆಯಲ್ಲಿ ಒಂದು ಹರಳು ಉಳಿದರೂ ಕತ್ತರಿಯ ಬಾಯಿ ಹೋಗುತ್ತದೆ ಎಂದು ಚಿಕ್ಕಂದಿನಲ್ಲೇ ತಿಳಿದವನು. ಅವನು ಕಾರಿಗೆ ನೀರು ಹೊಡೆದು, ಮೊಬೈಲಿನ ಟಾರ್ಚು ಹಿಡಿದು ಬಾನೆಟ್ಟನ್ನು ನೋಡಿದ. ಮಾಬ್ಲೇಶ್ವರ ಹೆಂಡತಿಯ ಕಡೆ ಒಮ್ಮೆ ನೋಡಿ, ಬೇಲಿಯ ಕಥೆಯನ್ನು ಮೊದಲಿನಿಂದ ಹೇಳಿದ.

ಚಿಕ್ಕಬೀರಪ್ಪ ಪೂರ್ತಿ ಕೇಳಿಸಿಕೊಂಡ. "ಬೇಲಿ ಗೀರು ಉದ್ದಕ್ಕ ಬೀಳ್ತಾವ್ರೀ ಯಜಮಾನ್ರೇ," ಎಂದ. "ಇವು ಗುಂಡಗದಾವು. ಒರೆಸಿದ ಕೈ ಹೆಂಗ ತಿರುಗೈತೋ ಹಂಗ ಬಿದ್ದಾವು. ಯಾರು ಒರೆಸ್ತಾರ?"

ಮಾಬ್ಲೇಶ್ವರ ಎದೆಯುಬ್ಬಿಸಿ, ತಾನೇ ಎಂದ. ಬೇರೆ ಯಾರಿಗೂ ಮುಟ್ಟಲು ಬಿಡುವುದಿಲ್ಲ ಎಂದೂ ಸೇರಿಸಿದ. ಹಿಂದಿನ ಸೀಟಿನಿಂದ ಮಡಿಬಟ್ಟೆಯ ಚೀಲ ತಂದು ತೋರಿಸಿದ. ಗಳ, ಕೋಲು, ಕೊಡ, ಬಿದ್ದರೆ ಅದ್ದಿ ಹಿಂಡುವ ಕ್ರಮ, ಎಲ್ಲವನ್ನೂ ವಿವರಿಸಿದ. ಚಿಕ್ಕಬೀರಪ್ಪ ಬಟ್ಟೆಯನ್ನು ಬಿಳಿಯ ಪ್ಲಾಸ್ಟಿಕ್ ತಟ್ಟೆಯ ಮೇಲೆ ಹಿಡಿದು ಎರಡು ಸಲ ಜಾಡಿಸಿದ. ಕೆಂಪು ಮರಳಿನ ಕಣಗಳು ಟಪಟಪ ಉದುರಿದವು.

"ಅದ್ದಿ ಹಿಂಡಿದ್ರ ಮೈಲಿಗಿ ಹೋಗ್ತೈತೇನೋ, ನಾ ಕಾಣೆ," ಎಂದ ಚಿಕ್ಕಬೀರಪ್ಪ. "ಮರಳು ಹೋಗಲ್ರೀ."

ನೆಲಕ್ಕೆ ಬಿದ್ದ ಬಟ್ಟೆ ಚಕ್ರಕ್ಕೆ ಹೋಗಬೇಕು, ಮತ್ತೆ ಮೈ ಹತ್ತಬಾರದು ಎಂದು ಸುಬ್ಬಲಕ್ಷ್ಮಿಗೂ ಕೇಳಿಸುವಂತೆ ಹೇಳಿ ಅವನು ಪಾಲಿಶ್ ಮಶೀನು ಎತ್ತಿಕೊಂಡ. ಮೂರು ತಾಸು ಹಿಡಿಯಿತು. ಮುಕ್ಕಾಲು ಪಾಲು ಗೀರು ಹೋದವು, ಆಳದವು ಉಳಿದವು. ಅಷ್ಟೂ ಹೊತ್ತು ಮಾಬ್ಲೇಶ್ವರ ಗೋಡೆಯ ಮೇಲಿನ ಟೈರಿನ ಕ್ಯಾಲೆಂಡರು ಓದುತ್ತ ನಿಂತಿದ್ದ. ಕೆಲಸ ಮುಗಿದಾಗ ಚಿಕ್ಕಬೀರಪ್ಪ, ಮಾಬ್ಲೇಶ್ವರ ಜನಿವಾರದಿಂದ ಬಿಚ್ಚಿಕೊಟ್ಟಿದ್ದ ಕೀಲಿಯನ್ನು ಎತ್ತಿ ಹಿಡಿದು, ಯಾರಿಗೆ ಕೊಡಲಿ ಎನ್ನುವಂತೆ ನೋಡಿದ. ಸುಬ್ಬಲಕ್ಷ್ಮಿ ಕೈ ಚಾಚಿದಳು.

ದಾರಿಯಲ್ಲಿ ಅವಳು ಒಂದು ಮಾತಿಗಾಗಿ ಕಾದಳು. ತಪ್ಪಾಯಿತು ಎನ್ನುವುದು ಬೇಡ. ಅಷ್ಟು ದೊಡ್ಡ ಮಾತು ಅವನ ಗಂಟಲಿನಿಂದ ಹೊರಡುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ನೀನಲ್ಲ ಎಂದರೂ ಸಾಕಿತ್ತು. ಶಿರಾಳಕೊಪ್ಪ ಹತ್ತಿರ ಬರುವಾಗ ಮಾಬ್ಲೇಶ್ವರ ಗಂಟಲು ಸರಿಮಾಡಿಕೊಂಡ.

"ಹೋಗ್ಲಿ ಬಿಡು," ಎಂದ. "ನಾಳೆಯಿಂದ ನೀನೇ ತೊಳಿ. ನಂಗೆ ಬೆಳಿಗ್ಗೆ ಪೂಜೆಗೆ ಹೊತ್ತಾಗ್ತದೆ."

ಸುಬ್ಬಲಕ್ಷ್ಮಿ ಬಸ್‌ಸ್ಟ್ಯಾಂಡಿನ ಎದುರು ಕಾರು ನಿಲ್ಲಿಸಿದಳು. ಅವಳ ದನಿ ಏರಲಿಲ್ಲ, ತರಗತಿಯಲ್ಲಿ ಲೆಕ್ಕ ಹೇಳಿಕೊಡುವಾಗ ಇರುವಷ್ಟೇ ಇತ್ತು.

"ಗೀಚಿದ್ದು ಅವಳು ಅಂತ ಎಂಟು ವಾರ ಊರಿಗೆಲ್ಲ ಹೇಳಿದ್ರಿ. ಯಾರ್ಯಾರಿಗೆ ಹೇಳಿದ್ರೋ ಅವರ ಹತ್ರ ಹೋಗಿ, ಗೀಚಿದ್ದು ನಾನೇ ಅಂತ ನೀವೇ ಹೇಳಿ ಬನ್ನಿ. ಅಲ್ಲೀವರೆಗೆ ಈ ಕಾರಿಗೆ ನೀವು ಹತ್ತೋದು ಬೇಡ."

ಮಾಬ್ಲೇಶ್ವರನ ಮುಖ ಕೆಂಪೇರಿತು. ಹಾಗಾದರೆ ತಾನು ಇಲ್ಲಿಂದಲೇ ಬಸ್ಸಿಗೆ ಬರುತ್ತೇನೆ ಎಂದ. ಇಷ್ಟು ಹೇಳಿದರೆ ಹೆಂಗಸು ಹೆದರುತ್ತಾಳೆ ಎಂಬುದು ಅವನ ಮೂವತ್ತು ವರ್ಷದ ಅನುಭವ. ಅವಳು ಹೆದರಲಿಲ್ಲ. ಅವನು ನಿಧಾನವಾಗಿ ಇಳಿದ, ಕರೆಯಲಿ ಎಂದು ಇನ್ನೊಂದು ಚಣ ನಿಂತ, ಬಾಗಿಲು ಹಾಕಿದ. ಹಾಕಿದವನು, ಹಿಡಿಕೆಯ ಮೇಲೆ ಬೆರಳಿನ ಗುರುತು ಬಿದ್ದೀತೆಂದು ಹೆಗಲ ಮೇಲಿನ ಶಲ್ಯದ ತುದಿಯಿಂದ ಅದನ್ನು ಒರೆಸತೊಡಗಿದ.

ಅದನ್ನು ನೋಡಿದ ಮೇಲೆ ಸುಬ್ಬಲಕ್ಷ್ಮಿಗೆ ಉಳಿದಿದ್ದ ಚೂರು ಕನಿಕರವೂ ಹೋಯಿತು. ಅವನು ಒರೆಸಿ ಮುಗಿಸುವ ಮೊದಲೇ ಅವಳು ಗೇರು ಹಾಕಿ ಹೊರಟಳು.