ಹದಿನಾಲ್ಕನೇ ಹಾಳೆ

ಮೂವತ್ತೆರಡು ವರ್ಷ ಕಾರ್ಖಾನೆಯೊಂದರ ಉಗ್ರಾಣದಲ್ಲಿ ದಾಖಲೆ ನೋಡಿಕೊಂಡವನು ನಾನು. ಈಗಲೂ ಐದಕ್ಕೆ ಏಳುತ್ತೇನೆ, ಆರಕ್ಕೆ ಕಾಫಿ, ಏಳಕ್ಕೆ ಮೇಜಿನ ಮುಂದೆ. ಸೋಲೂರಿನಲ್ಲಿರುವ ತಂಗಿಯ ಮಗಳು ಒಣಗಿಸಿದ ಹಲಸಿನ ತೊಳೆಯನ್ನು ದುಬೈಗೆ ಕಳಿಸಲು ಹೊರಟಾಗ ಕಾಗದಪತ್ರದ ಕೆಲಸ ನನಗೆ ಬಂತು.

ಅವರದು ತೆಂಗಿನಕಾಯಿ ಮಾರಿಕೊಂಡು ಬಂದ ಮನೆ. ಹಲಸು ಮರದಡಿಯಲ್ಲೇ ಕೊಳೆಯುವುದನ್ನು ನೋಡಲಾರದೆ ಅವಳು ಒಣಗಿಸುವ ಯಂತ್ರ ತಂದಿದ್ದಳು. ದುಬೈ ಅಂಗಡಿಯವನು ಮಾದರಿ ತಿಂದು ಒಪ್ಪಿದ. ತಿಂಗಳ ಕೊನೆಯೊಳಗೆ ಮಾಲು ಮುಟ್ಟಬೇಕೆಂದ. ಅದಕ್ಕೆ ಬೇಕಿದ್ದದ್ದು ಸರ್ಕಾರಿ ಕಚೇರಿಯ ಒಂದು ತಪಾಸಣಾ ಪತ್ರ.

ಇಪ್ಪತ್ತೆರಡು ಹಾಳೆಗಳಿಗೆ ಸಂಖ್ಯೆ ಹಾಕಿ, ಟ್ಯಾಗ್ ಕಟ್ಟಿ, ಮೇಲೊಂದು ಪಟ್ಟಿ ಅಂಟಿಸಿ, ಸೋಮವಾರ ಹತ್ತಕ್ಕೆ ಕಚೇರಿಯ ಬಾಗಿಲಲ್ಲಿದ್ದೆ. ಗುಮಾಸ್ತ ಎರಡು ಸಲ ತಿರುವಿಹಾಕಿ, ನೋಡೋಣ ಎಂದು ಫೈಲನ್ನು ವಾಪಸು ಕೊಟ್ಟ. ಮುಂದಿನ ಸೋಮವಾರವೂ ಅದೇ ಮಾತು. ಹೊರಗೆ ಟೀ ಅಂಗಡಿಯ ಬಳಿ ಅರ್ಜಿ ಬರೆದುಕೊಡುವ ಏಜೆಂಟ್ ಕರೆದು ಫೈಲು ನೋಡಿದ.

"ಯಜಮಾನ್ರೇ, ಎಲ್ಲಾ ಸರಿಯಾಗಿ ಮಡಗಿದ್ದೀರಿ. ಅದೇ ತೊಂದ್ರೆ. ತಪ್ಪಿದ್ರೆ ತಾನೇ ಅವರು ಕರೆದು ಮಾತಾಡೋದು? ಒಂದು ಹಾಳೆ ಕಿತ್ತಾಕಿ ಕೊಡಿ, ಮಿಕ್ಕಿದ್ದು ನಾನು ನೋಡ್ಕತೀನಿ."

ಹಾಗಾದರೆ ತೆಂಗಿನಕಾಯಿ ಹೇಗೆ ಹೋಗುತ್ತದೆ ಎಂದು ಕೇಳಿದೆ.

"ಕಾಯಿಗೆ ಯಾರ್ಯಾರಿಗೆ ಎಷ್ಟು ಅಂತ ನಮ್ಮಪ್ಪನ ಕಾಲದಿಂದ ಗೊತ್ತೈತೆ. ನಿಮ್ಮ ಹಲಸಿಗೆ ಇನ್ನೂ ಯಾರೂ ರೇಟ್ ಕಟ್ಟಿಲ್ಲ. ಒಸಿ ಟೈಮ್ ಹಿಡೀತೈತೆ."

ಏಜೆಂಟ್ ಹೇಳಿದ್ದನ್ನು ತಂಗಿಯ ಮಗಳಿಗೆ ತಿಳಿಸಿ, ಹಾಳೆ ಕೀಳುವುದು ನನ್ನ ಕೈಯಿಂದ ಆಗದು ಎಂದೆ. ಅವಳು ಗೋಡೆಗೆ ಒರಗಿಸಿದ್ದ ಹಲಸಿನ ಚೀಲಗಳನ್ನೊಮ್ಮೆ ನೋಡಿದಳು.

"ಮಾವ, ನೀವು ಒಸಿ ಹೊರಗೆ ಕೂತ್ಕಳಿ" ಎಂದಳು.

ಜಗಲಿಯಲ್ಲಿ ಕುಳಿತೆ. ಒಳಗೆ ಬಂದಾಗ ಟ್ಯಾಗ್ ಮತ್ತೆ ಕಟ್ಟಿತ್ತು. ನೀರಿನ ಪರೀಕ್ಷೆಯ ವರದಿ, ಹದಿನಾಲ್ಕನೇ ಹಾಳೆ, ಮೇಜಿನ ಮೇಲಿತ್ತು. ಅದನ್ನು ಎತ್ತಿಟ್ಟುಕೊಂಡೆ. ಫೈಲನ್ನು ಅವಳೇ ಏಜೆಂಟನ ಕೈಗೆ ಕೊಟ್ಟು ಬಂದಳು.

ಎರಡೇ ದಿನದಲ್ಲಿ ಆಕ್ಷೇಪಣೆ ಬಂತು: ನೀರಿನ ವರದಿ ಇಲ್ಲ. ಮನಸ್ಸು ತಡೆಯದೆ ವರದಿಯನ್ನು ನಾನೇ ಒಯ್ದೆ. ಗುಮಾಸ್ತ ಅದನ್ನು ಮುಟ್ಟಲೇ ಇಲ್ಲ, ನಿಮ್ಮ ಏಜೆಂಟನ್ನು ಕಳಿಸಿ ಎಂದ. ಹಲಸಿಗೆ ಯಾರ್ಯಾರ ಪಾಲು ಎಷ್ಟೆಂದು ಅವರವರಲ್ಲೇ ತೀರ್ಮಾನವಾಗುವಷ್ಟರಲ್ಲಿ ತಿಂಗಳು ದಾಟಿತು. ಆ ಹಾಳೆ ಇಲ್ಲದೆಯೇ ಪತ್ರ ಕೈಗೆ ಬಂದ ದಿನ ಫೋನ್ ಮಾಡಿದರೆ, ದುಬೈಯವನು ಬೇರೆ ದೇಶದ ಮಾಲು ತರಿಸಿಕೊಂಡಾಗಿತ್ತು.

ಈಗ ಆ ಯಂತ್ರದಲ್ಲಿ ಕೊಬ್ಬರಿ ಒಣಗುತ್ತದೆ. ಲಾರಿ ಬರುತ್ತದೆ, ಹೋಗುತ್ತದೆ, ಯಾರೂ ತಡೆಯುವುದಿಲ್ಲ. ಈ ಸಲವೂ ಹಲಸು ಚೆನ್ನಾಗಿ ಕಾಯಿ ಕಚ್ಚಿದೆ. ಹದಿನಾಲ್ಕನೇ ಹಾಳೆ ನನ್ನ ಡ್ರಾಯರಿನಲ್ಲಿದೆ. ಯಾವ ಫೈಲಿಗೆ ಸೇರಿಸಬೇಕೋ ತಿಳಿಯದು.