ಅಕ್ಕೋರ ಸೆಟ್ಟಿಂಗ್ಸ್

ಹೋದ ವಾರ ನಮ್ಮ ಕಮಲಾಪುರದ ಮನೆಗೆ ಒಂದು ಲಗ್ನಪತ್ರಿಕೆ ಬಂತು. ಮೂಲೆಗೆ ಹಚ್ಚಿದ ಅರಿಶಿನ, ಹೊಸ ಶಾಯಿ, ಎರಡರ ವಾಸನೆಯೂ ಒಟ್ಟಿಗೆ ಮೂಗಿಗೆ ಬಡಿಯಿತು. ಹೆಣ್ಣು ಯಾರು, ಗಂಡು ಯಾರು ಎಂದು ಓದುವ ಮೊದಲೇ ನನ್ನ ಕಣ್ಣು ಮಾರ್ಜಿನ್ ನೋಡಿತು. ಎಡಕ್ಕೆ ಜಾಸ್ತಿ, ಬಲಕ್ಕೆ ಕಡಿಮೆ. ನನಗೆ ಕೆಲಸ ಕಲಿಸಿದ ಅಕ್ಕೋರು ಇದನ್ನು ಅಂಗಡಿಯಿಂದ ಹೊರಗೆ ಬಿಡುತ್ತಿರಲಿಲ್ಲ...

ಕಲಬುರಗಿಯ ಖೂಬಾ ಪ್ಲಾಟ್ ಬಡಾವಣೆಯಲ್ಲಿ, ಕಂಪ್ಯೂಟರಿನಲ್ಲಿ ಲಗ್ನಪತ್ರಿಕೆ ಹೊಂದಿಸಿಕೊಡುವ ಅವರದೊಂದು ಡಿಟಿಪಿ ಅಂಗಡಿ ಇತ್ತು. ಪಿಯುಸಿ ಮುಗಿಸಿದ ನಾನು ದಿನಾ ಬಸ್ಸು ಹತ್ತಿ ಅಲ್ಲಿಗೆ ಕೆಲಸ ಕಲಿಯಲು ಹೋಗುತ್ತಿದ್ದೆ. ಏನಾದರೂ ಎಡವಟ್ಟು ಮಾಡಿಕೊಂಡರೆ ಕಲಿಕೆ ಬಂದ್, ಮನೆಯಲ್ಲೇ ಇರಬೇಕು ಎಂದು ಅಪ್ಪ ಮೊದಲೇ ಹೇಳಿದ್ದರು.

ಅಕ್ಕೋರದು ಒಂದು ಪದ್ಧತಿ. ಕಂಪ್ಯೂಟರಿನ ಯಾವ ಸೆಟ್ಟಿಂಗ್ ಬದಲಿಸುವುದಿದ್ದರೂ ಈಗ ಅಲ್ಲಿ ಏನಿದೆ ಎಂದು ಮೊದಲು ಗಟ್ಟಿಯಾಗಿ ಓದಬೇಕು, ಕೆಟ್ಟುಹೋದ ಲಗ್ನಪತ್ರಿಕೆಯ ಹಿಂಬದಿಗೆ ಪೆನ್ಸಿಲಿನಲ್ಲಿ ಬರೆಯಬೇಕು, ಆಮೇಲೆಯೇ ಮೌಸ್ ಮುಟ್ಟಬೇಕು. ನನಗೆ ಒಳಗೊಳಗೇ ನಗು. ಎರಡೇ ತಿಂಗಳಲ್ಲಿ ಎಲ್ಲ ಕಲಿತುಬಿಟ್ಟೆನೆಂಬ ಕೊಬ್ಬು.

ಒಂದು ಮಧ್ಯಾಹ್ನ ಅಕ್ಕೋರು ಊಟಕ್ಕೆ ಹೋಗಿದ್ದಾಗ ಪರದೆಯ ಮೇಲಿನ ಟೂಲ್‌ಬಾರ್ ಮಾಯವಾಯಿತು. ಹುಡುಕುವ ತಾಳ್ಮೆ ಯಾರಿಗಿತ್ತು? ಸೆಟ್ಟಿಂಗ್ಸ್ ತೆರೆದು, ಎಲ್ಲವನ್ನೂ ಹೊಸದರಂತೆ ಮಾಡುವ ಬಟನ್ ಒತ್ತಿಬಿಟ್ಟೆ. ಟೂಲ್‌ಬಾರೇನೋ ಬಂತು. ಅಕ್ಕೋರು ವರ್ಷಗಟ್ಟಲೆ ಹೊಂದಿಸಿಟ್ಟಿದ್ದ ಕಾರ್ಡಿನ ಅಳತೆ, ಮಾರ್ಜಿನ್, ಕನ್ನಡ ಫಾಂಟ್, ಶಾರ್ಟ್‌ಕಟ್ಟು ಎಲ್ಲ ಅಳಿಸಿಹೋದವು. ಸಂಜೆಯೊಳಗೆ ಪ್ರೆಸ್ಸಿಗೆ ಹೋಗಬೇಕಿದ್ದ ಪತ್ರಿಕೆಯ ಗಿರಾಕಿ ಆಗಲೇ ಬಂದು ಬೆಂಚಿನ ಮೇಲೆ ಕೂತಿದ್ದರು. ನನ್ನ ಕಥೆ ಮುಗಿಯಿತು ಅಂದುಕೊಂಡೆ.

ವಾಪಸ್ ಬಂದ ಅಕ್ಕೋರು ಪರದೆ ನೋಡಿದರು, ನನ್ನ ಮುಖ ನೋಡಿದರು.

"ಅಳಬ್ಯಾಡ. ಬರದಿಟ್ಟದ್ದು ಎಲ್ಲಿ ಹೋಗ್ತದ? ನಾ ಓದ್ತೀನಿ, ನೀ ಹಾಕು."

ದಾರಕ್ಕೆ ಪೋಣಿಸಿಟ್ಟಿದ್ದ ಹಳೆಯ ಪತ್ರಿಕೆಗಳನ್ನು ಒಂದೊಂದಾಗಿ ತಿರುವಿ ಓದುತ್ತ ಹೋದರು. ಬೆವರುತ್ತ ನಾನು ಹಾಕುತ್ತ ಹೋದೆ. ಒಮ್ಮೆಯೂ ಅವರು ಮೌಸ್ ನನ್ನ ಕೈಯಿಂದ ಕಸಿದುಕೊಳ್ಳಲಿಲ್ಲ. ಸಂಜೆಯೊಳಗೆ ಪತ್ರಿಕೆ ಪ್ರೆಸ್ಸಿಗೆ ಹೋಯಿತು. ಯಾಕಿಷ್ಟು ತಡ ಎಂದು ಗಿರಾಕಿ ಗೊಣಗಿದಾಗ ಅಕ್ಕೋರು ಅಂದದ್ದು ಇಷ್ಟೇ:

"ನಮ್ಮ ಹುಡುಗಿ ಪೂರಾ ಸೆಟ್ಟಿಂಗ್ ಹೊಸದಾಗಿ ಹಾಕ್ಯಾಳ್ರೀ."

ಕೆಡಿಸಿದವಳೂ ನಾನೇ ಎಂಬುದನ್ನು ನುಂಗಿಕೊಂಡರು. ಅಪ್ಪನ ಕಿವಿಗೂ ಬೀಳಲಿಲ್ಲ. ಮುಂದೆ ಆರು ವರ್ಷ ಅವರ ಹತ್ತಿರವೇ ದುಡಿದೆ. ಈಗ ಕಮಲಾಪುರದಲ್ಲಿ ನನ್ನದೇ ಅಂಗಡಿ ಇದೆ, ಅಲ್ಲಿಯೂ ಅದೇ ಪದ್ಧತಿ. ಕಲಿಯಲು ಬಂದವರು ಒಳಗೊಳಗೇ ನಗುತ್ತಾರೆ, ನಗಲಿ.

ಈ ಬೇಸಿಗೆಯಲ್ಲಿ ಅಕ್ಕೋರು ತೀರಿಕೊಂಡರು. ಅಂಗಡಿ ಖಾಲಿ ಮಾಡುವಾಗ, ಕಂಪ್ಯೂಟರಿನಲ್ಲಿದ್ದ ಹಳೆಯ ಫೈಲುಗಳನ್ನು ತೆಗೆದುಕೊಡಿ ಎಂದು ಅವರ ಮಗಳು ನನ್ನನ್ನು ಕರೆಸಿದಳು. ರೂಢಿಯಂತೆ ಮೊದಲು ಸೆಟ್ಟಿಂಗ್ಸ್ ತೆರೆದೆ. ಬಳಸುವವರ ಹೆಸರು ತುಂಬುವ ಜಾಗವೊಂದು ಅದರಲ್ಲಿದೆ. ಅಲ್ಲಿ ಯಾರ ಹೆಸರಿರುತ್ತದೋ ಅವರೇ ಮಾಡಿದ್ದೆಂದು ಪ್ರತಿ ಫೈಲಿನಲ್ಲೂ ದಾಖಲಾಗುತ್ತದೆ. ಆವತ್ತು ನಾನು ಅಳಿಸಿದ್ದರಲ್ಲಿ ಅಕ್ಕೋರ ಹೆಸರೂ ಸೇರಿತ್ತು. ಅದೊಂದನ್ನು ಅವರು ನನಗೆ ಓದಿ ಹೇಳಿರಲಿಲ್ಲ; ಆಮೇಲೆ ತಮ್ಮ ಹೆಸರನ್ನೇ ಹಾಕಿಕೊಂಡಿರುತ್ತಾರೆ ಅಂದುಕೊಂಡು ನಾನು ಆ ಜಾಗವನ್ನು ಮತ್ತೆ ತೆರೆದು ನೋಡಿರಲೇ ಇಲ್ಲ...

ಅಲ್ಲಿ ನನ್ನ ಹೆಸರಿತ್ತು. ನಾನು ಬಿಟ್ಟುಬಂದ ಎಷ್ಟೋ ವರ್ಷದ ಮೇಲೆ ಅವರೇ ಕೂತು ಮಾಡಿದ ಪತ್ರಿಕೆಗಳೂ ನನ್ನ ಹೆಸರಿನಲ್ಲೇ ಇದ್ದವು. ಹೆಮ್ಮೆಗೆ ಎದೆ ತುಂಬಿ ಬಂತು. ಹಿಂಗ್ಯಾಕ ಮಾಡಿದ್ರಿ ಅಕ್ಕೋರೆ ಎಂದು ಕೇಳಲು ಅವರೇ ಇರಲಿಲ್ಲ.